ಪಾಲಿಹೌಸಿಗೆ ಮುಂಗಡ ಕೊಡೋ ಮುಂಚೆ ಕೇಳ್ತಿದ್ದೀನಿ, ಕೌಂಟಿಯಲ್ಲಿ ಯಾವ ಆಫೀಸಿಗೆ ಹೋಗಬೇಕು?

ಪ್ರಶ್ನೆ: ನಮಸ್ಕಾರ ಸರ್. ನಾವು ಹಾಸನದ ಕಡೆಯವರು. ಹೋದ ವರ್ಷ ಅಮೆರಿಕದ ನಾರ್ತ್ ಕೆರೊಲಿನಾದ ಹಳ್ಳಿಗಾಡಿನ ಕೌಂಟಿಯೊಂದರಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) 14 ಎಕರೆ ಕೊಂಡ್ವಿ. ಇಳಿಜಾರು ಹೊಲ. ಜೋರು ಮಳೆ ಬಂದರೆ ಕೆಂಪು ಮಣ್ಣು ಕೊಚ್ಚಿಹೋಗುತ್ತೆ, ಕೆಳಗಿನ ಬೇಲಿ ಹತ್ತಿರ ಮೊಣಕಾಲುದ್ದ ಕೊರಕಲು ಬಿದ್ದಿದೆ. ಬೆಂಡೆ, ಬದನೆ ಬೆಳೆಯೋಕೆ ಪಾಲಿಹೌಸ್ ಹಾಕಿಸಬೇಕು, ಮುಂದಿನ ವಾರ ಮುಂಗಡ ಕೊಡೋದಿದೆ. ಊರಲ್ಲಾದರೆ ರೈತ ಸಂಪರ್ಕ ಕೇಂದ್ರ ಇದೆ. ಇಲ್ಲಿ ಯಾರನ್ನು ಕೇಳೋದು?

ಉತ್ತರ (ಮಣ್ಣು ಸಂರಕ್ಷಣಾ ಯೋಜಕ): ಮೇಡಂ, ದಯವಿಟ್ಟು ಆ ಮುಂಗಡ ನಿಲ್ಲಿಸಿ. ಪಾಲಿಹೌಸಿಗೆ ನೆರವು ಸಿಗೋದು ಇಕ್ವಿಪ್ (EQIP) ಅನ್ನೋ ಕೇಂದ್ರ ಸರ್ಕಾರದ ಸಂರಕ್ಷಣಾ ಯೋಜನೆಯಲ್ಲಿ, ಅಲ್ಲಿ ಪಾಲಿಹೌಸನ್ನು ಹೈ ಟನಲ್ ಅಂತಾರೆ. ಸರ್ಕಾರದ ಜೊತೆ ಒಪ್ಪಂದಕ್ಕೆ ಸಹಿ ಬೀಳೋ ಮೊದಲೇ ಕೆಲಸ ಶುರು ಮಾಡಿದರೆ ಆ ಕೆಲಸಕ್ಕೆ ದುಡ್ಡು ಬರಲ್ಲ. ಕಂಬ ನೆಟ್ಟಾದ ಮೇಲೆ ಅರ್ಜಿ ಹಿಡಿದು ಬಂದವರನ್ನು ಬರಿಗೈಲಿ ಕಳಿಸಿದ ಸಂಕಟ ನನಗಿದೆ.

ನೀವು ಹೋಗಬೇಕಾದ್ದು ನಿಮ್ಮ ಕೌಂಟಿಗೆ ಸೇರಿದ ಯುಎಸ್‌ಡಿಎ (ಅಮೆರಿಕದ ಕೃಷಿ ಇಲಾಖೆ) ಸರ್ವಿಸ್ ಸೆಂಟರ್‌ಗೆ. ಮೊದಲು ಎಫ್‌ಎಸ್‌ಎ ಮೇಜು, ಅಂದರೆ ರೈತರ, ಹೊಲಗಳ ದಾಖಲೆ ಇಡೋ ವಿಭಾಗ. ಕ್ರಯಪತ್ರ, ಗುರುತಿನ ಚೀಟಿ, ಸೋಶಿಯಲ್ ಸೆಕ್ಯುರಿಟಿ ನಂಬರ್, ಬ್ಯಾಂಕ್ ವಿವರ ಇಟ್ಕೊಂಡು ಹೋಗಿ. ಹಳೇ ಮಾಲೀಕರ ಕಾಲದ ಫಾರ್ಮ್ ನಂಬರ್ (ಹೊಲಕ್ಕೆ ಅವರು ಕೊಡೋ ಗುರುತಿನ ಸಂಖ್ಯೆ) ಇದ್ದರೆ ನಿಮ್ಮ ಹೆಸರಿಗೆ ಮಾಡ್ಕೊಡ್ತಾರೆ, ಇಲ್ಲದಿದ್ದರೆ ಹೊಸದು. ಆಕಾಶದಿಂದ ತೆಗೆದ ಫೋಟೊ ಮೇಲೆ ಹೊಲದ ಗೆರೆ ಎಳೆದ ನಕ್ಷೆ ಕೇಳಿ ತಗೊಳ್ಳಿ.

ಆಮೇಲೆ ಎನ್‌ಆರ್‌ಸಿಎಸ್, ಅಂದರೆ ಇಕ್ವಿಪ್ ನಡೆಸೋ ಮಣ್ಣು ಸಂರಕ್ಷಣಾ ಇಲಾಖೆ. ಅವರನ್ನು ಹೊಲಕ್ಕೇ ಕರೀರಿ, ಬಂದು ನೋಡಿ ಯೋಜನೆ ಬರೆದುಕೊಡೋಕೆ ಕಾಸು ಕೇಳಲ್ಲ. ಹೊಲಗದ್ದೆಯ ಮಣ್ಣೇ ಧೂಳಾಗಿ ಹಾರಿಹೋಗ್ತಿದ್ದ ಕಾಲದಲ್ಲಿ, 1935ರಲ್ಲಿ ಶುರುವಾದ ಇಲಾಖೆ ಅದು. ಮೊದಲ ಮುಖ್ಯಸ್ಥ ಹ್ಯೂ ಬೆನೆಟ್ ನಿಮ್ಮ ನಾರ್ತ್ ಕೆರೊಲಿನಾದವರೇ, ಹತ್ತಿ ಬೆಳೆಯೋ ಮನೆಯಲ್ಲಿ ಹುಟ್ಟಿದವರು. ನಿಮ್ಮಲ್ಲಿರೋ ಅಂಥದೇ ಕೊರಕಲುಗಳನ್ನು ನೋಡುತ್ತಾ ಬೆಳೆದವರು.

ನನ್ನ ಕೇಳಿದರೆ ಪಾಲಿಹೌಸಿಗಿಂತ ಮುಂಚೆ ಕೊರಕಲು ನೋಡಿ. ನೀರಿನ ಜಾಡನ್ನು ಅಗಲ ಮಾಡಿ ಹುಲ್ಲು ಹಾಕಿಸಬೇಕಾಗಬಹುದು. ಅದಕ್ಕೆ ಇಕ್ವಿಪ್ ಅಲ್ಲದೆ, ಕೌಂಟಿಯ ಸಾಯಿಲ್ ಅಂಡ್ ವಾಟರ್ ಡಿಸ್ಟ್ರಿಕ್ಟ್ (ಸ್ಥಳೀಯ ಮಣ್ಣು-ನೀರು ಸಂರಕ್ಷಣಾ ಸಂಸ್ಥೆ) ಮೂಲಕ ರಾಜ್ಯದ ವೆಚ್ಚ ಹಂಚಿಕೆ ಯೋಜನೆಯೂ ಇದೆ. ಒಂದೇ ಕೆಲಸಕ್ಕೆ ಎರಡೂ ಕಡೆ ಪೂರ್ತಿ ದುಡ್ಡು ಸಿಗಲ್ಲ, ಇಬ್ಬರಿಗೂ ಮೊದಲೇ ಹೇಳಿಬಿಡಿ.

ಪ್ರಶ್ನೆ: ನಮ್ಮೆಜಮಾನ್ರು ಐಟಿ ಕೆಲಸದಲ್ಲಿದ್ದಾರೆ. ಸಂಬಳ ನೋಡಿ ಬೇಡ ಅಂತಾರಾ ಸರ್? ಎಷ್ಟು ಕೊಡ್ತಾರೆ?

ಉತ್ತರ: ಸಂಬಳ ಇದ್ದರೆ ತೊಂದರೆ ಇಲ್ಲ. ಮೂರು ವರ್ಷದ ಸರಾಸರಿ ಆದಾಯ 9 ಲಕ್ಷ ಡಾಲರ್ ದಾಟಿರಬಾರದು, ಅಷ್ಟೇ. ಇಕ್ವಿಪ್‌ನಲ್ಲಿ ಸಾಮಾನ್ಯವಾಗಿ ಖರ್ಚಿನ ಶೇ. 75ರವರೆಗೆ ಕೊಡ್ತಾರೆ. ಬೇಸಾಯ ಶುರು ಮಾಡಿ 10 ವರ್ಷ ಮೀರದವರಿಗೆ ಶೇ. 90ರವರೆಗೂ ಹೋಗುತ್ತೆ, ಸಾಮಾನು ಕೊಳ್ಳೋಕೆ ನೆರವಿನ ಅರ್ಧದಷ್ಟನ್ನು ಮುಂಗಡವಾಗಿ ಕೇಳಬಹುದು. ಅದನ್ನು 90 ದಿನದೊಳಗೆ ಖರ್ಚು ಮಾಡಬೇಕು. ಲೆಕ್ಕ ಹಾಕೋದು ನಿಮ್ಮ ಬಿಲ್ ಮೇಲಲ್ಲ, ಅವರ ದರಪಟ್ಟಿ ಮೇಲೆ. ಅರ್ಜಿ ಹಾಕಿದವರಿಗೆಲ್ಲ ಸಿಗಲ್ಲ, ಅಂಕ ಹಾಕಿ ಆರಿಸ್ತಾರೆ. ಈ ಸಲ ತಪ್ಪಿದರೆ ಅರ್ಜಿಯನ್ನು ಮುಂದಿನ ಸುತ್ತಿನ ಆಯ್ಕೆಗೆ ಇಡೋಕೆ ಹೇಳಿ.

ಇನ್ನೊಬ್ಬ ಸದಸ್ಯರು: ಸರ್, ನಾನು ಗುತ್ತಿಗೆ ಜಮೀನಲ್ಲಿ ಬೇಸಾಯ ಮಾಡ್ತಿದ್ದೀನಿ. ನಾನೂ ಅರ್ಜಿ ಹಾಕಬಹುದಾ?

ಉತ್ತರ: ಆಗುತ್ತೆ. ಒಪ್ಪಂದ ಮುಗಿಯೋವರೆಗೂ ಜಮೀನು ನಿಮ್ಮ ಕೈಲಿರುತ್ತೆ ಅನ್ನೋಕೆ ಗುತ್ತಿಗೆ ಪತ್ರ ಬೇಕು.

ಪ್ರಶ್ನೆ: ಮುಂಗಡ ನಿಲ್ಲಿಸಿದೆ ಸರ್. ಸರ್ವಿಸ್ ಸೆಂಟರ್‌ನವರು ಬುಧವಾರ ಬನ್ನಿ ಅಂದಿದ್ದಾರೆ.

ಉತ್ತರ: ಒಳ್ಳೇದಾಯ್ತು. ಅಷ್ಟರಲ್ಲಿ ಮಳೆ ಬಂದರೆ ಮರುದಿನ ಬೆಳಿಗ್ಗೆ ಕೊರಕಲಲ್ಲಿ ಗುದ್ದಲಿ ನಿಲ್ಲಿಸಿ ಫೋಟೊ ತೆಗೀರಿ, ಆಳ ಕಾಣಬೇಕು.