ವೀರ್ಯಾಣು ಹುಟ್ಟಿಸುವ ಕಾಂಡಕೋಶಗಳು ಖಾಲಿ ಆಗೋದಿಲ್ವಾ?

ಕುತೂಹಲಿ:
ಹೆಣ್ಣಿಗೆ ಅಂಡಗಳ ದಾಸ್ತಾನು ಹುಟ್ಟುವಾಗಲೇ ಇರುತ್ತದೆ, ವಯಸ್ಸಾದಂತೆ ಕರಗುತ್ತಾ ಹೋಗುತ್ತದೆ. ಗಂಡಿಗೆ ಹಾಗಲ್ಲ, ಹದಿಹರೆಯದಲ್ಲಿ ಶುರುವಾದ ವೀರ್ಯಾಣು ತಯಾರಿ ಮುಪ್ಪಿನವರೆಗೂ ನಡೆಯುತ್ತದೆ. ಇದಕ್ಕೆ ವೃಷಣದಲ್ಲಿರುವ ಕಾಂಡಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು ಕಾರಣ ಅಂತ ಓದಿದೆ. ಆದರೆ ದಿನಕ್ಕೆ ಕೋಟಿಗಟ್ಟಲೆ ವೀರ್ಯಾಣು ಆಗಬೇಕು, ಮೂಲ ಕೋಶವೂ ಉಳಿಯಬೇಕು ಅಲ್ವಾ? ಯಾವುದು ಉಳಿಯಬೇಕು, ಯಾವುದು ವೀರ್ಯಾಣು ಆಗಬೇಕು ಅಂತ ತೀರ್ಮಾನ ಮಾಡುವುದು ಯಾರು? ಕೋಶದೊಳಗೇ ಬರೆದಿರುತ್ತದೆಯೇ?

ಲ್ಯಾಬ್ ಕೋಟು:
ಒಳಗಿರುವುದು ಸ್ವಲ್ಪ, ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದೇ ಜಾಸ್ತಿ. ವೃಷಣದ ತುಂಬ ಸಣ್ಣ ಸುರುಳಿ ಕೊಳವೆಗಳಿವೆ. ಅವುಗಳ ಗೋಡೆಗೆ ಅಂಟಿಕೊಂಡು, ತೀರಾ ಹೊರ ಅಂಚಿನಲ್ಲಿ ಈ ಕಾಂಡಕೋಶಗಳು ಕೂತಿರುತ್ತವೆ. ಪಕ್ಕದಲ್ಲಿದ್ದು ಅವನ್ನು ಸಾಕುವ ಸರ್ಟೋಲಿ ಕೋಶಗಳು ಜಿಡಿಎನ್‌ಎಫ್ ಅನ್ನುವ ಪ್ರೋಟೀನು ಬಿಡುತ್ತವೆ. ಅದು ಸಿಗುತ್ತಿದ್ದರೆ ಕಾಂಡಕೋಶ ಕಾಂಡಕೋಶವಾಗಿಯೇ ಉಳಿಯುತ್ತದೆ. 2000ದಲ್ಲಿ ಇಲಿಗಳಲ್ಲಿ ಇದನ್ನು ಚೆನ್ನಾಗಿ ತೋರಿಸಿದರು: ಜಿಡಿಎನ್‌ಎಫ್ ಕಡಿಮೆಯಾದರೆ ಕಾಂಡಕೋಶಗಳು ಬರಿದಾಗುತ್ತವೆ, ಅತಿಯಾದರೆ ವೀರ್ಯಾಣು ಆಗುವ ಬದಲು ಎಳೆ ಕೋಶಗಳೇ ರಾಶಿ ಬೀಳುತ್ತವೆ. ಇನ್ನೊಂದು ಕಡೆ ವಿಟಮಿನ್ ಎ ಇಂದ ಆಗುವ ರೆಟಿನೋಯಿಕ್ ಆಮ್ಲ ಕೋಶಗಳನ್ನು ವೀರ್ಯಾಣುವಿನ ದಾರಿಗೆ ತಳ್ಳುತ್ತದೆ. ವಿಟಮಿನ್ ಎ ತಪ್ಪಿಸಿದ ಇಲಿಗಳಲ್ಲಿ ಈ ಕೆಲಸ ನಿಂತುಬಿಡುತ್ತದೆ, ಮತ್ತೆ ಕೊಟ್ಟರೆ ಶುರುವಾಗುತ್ತದೆ. ಒಮ್ಮೆ ದಾರಿ ಹಿಡಿದ ಮೇಲೆ ಮನುಷ್ಯರಲ್ಲಿ ವೀರ್ಯಾಣು ಆಗಲು ಸುಮಾರು 74 ದಿನ ಬೇಕು.

ಮರುಓದು:
ಮೇಲಿನದ್ದು ಸರಿ. ಒಂದು ಸೇರಿಸುತ್ತೇನೆ. ಒಂದು ಕೋಶ ಎರಡಾದಾಗ ಒಂದು ಉಳಿಯುತ್ತದೆ, ಒಂದು ಹೊರಡುತ್ತದೆ ಅಂತ ಸುಮಾರು ಜನ ಅಂದುಕೊಂಡಿರುತ್ತಾರೆ. ಅಷ್ಟು ಕಟ್ಟುನಿಟ್ಟೇನೂ ಇಲ್ಲ. ಇಲಿಯಲ್ಲಿ ಒಡೆದ ಕೋಶಗಳು ಪೂರ್ತಿ ಬೇರೆಯಾಗದೆ ಸಣ್ಣ ಸೇತುವೆಯಿಂದ ಕೂಡಿಕೊಂಡೇ ಎರಡು, ನಾಲ್ಕು, ಎಂಟು ಅಂತ ಸರ ಆಗುತ್ತವೆ. ಆ ಸರದಿಂದ ಕೆಲವು ತುಂಡಾಗಿ ವಾಪಸ್ ಕಾಂಡಕೋಶದ ಗುಂಪಿಗೆ ಸೇರುವುದೂ ಉಂಟು. ಒಂದು ವಂಶ ಅಳಿದರೆ ಪಕ್ಕದ ವಂಶ ಆ ಜಾಗ ತುಂಬುತ್ತದೆ, ಒಟ್ಟು ಸಂಖ್ಯೆ ಉಳಿಯುತ್ತದೆ.

ಸುತ್ತಲಿನ ಜಾಗ ಎಷ್ಟು ಮುಖ್ಯ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಪ್ರಯೋಗ ಇದೆ. 1994ರಲ್ಲಿ ಅಮೆರಿಕದ ವಿಜ್ಞಾನಿ ರಾಲ್ಫ್ ಬ್ರಿನ್‌ಸ್ಟರ್ ತಂಡ ಒಂದು ಇಲಿಯ ವೃಷಣದ ಕೋಶಗಳನ್ನು ಇನ್ನೊಂದು ಬಂಜೆ ಇಲಿಯ ಕೊಳವೆಗಳಿಗೆ ಹಾಕಿ, ದಾನಿಯ ವೀರ್ಯಾಣು ಅಲ್ಲಿ ಹುಟ್ಟುವಂತೆ ಮಾಡಿತು. ಆಮೇಲೆ 2006ರಲ್ಲಿ ಅದೇ ತಂಡ ಕಾಂಡಕೋಶಗಳನ್ನು ಒಂದು ಎಳೆ ಇಲಿಯಿಂದ ಇನ್ನೊಂದು ಎಳೆ ಇಲಿಗೆ ದಾಟಿಸುತ್ತಾ ಹೋಯಿತು. 3 ವರ್ಷಕ್ಕೂ ಹೆಚ್ಚು ಕಾಲ ಅವು ಕೆಲಸ ಮಾಡಿದವು. ಅದು ಲ್ಯಾಬಿನ ಇಲಿಯ ಆಯಸ್ಸಿಗಿಂತ ಜಾಸ್ತಿ! ಮುದಿ ಇಲಿಯಲ್ಲಿ ಮೊದಲು ಸೋಲುವುದು ಕಾಂಡಕೋಶಕ್ಕಿಂತ ಹೆಚ್ಚಾಗಿ ಅದನ್ನು ಸಾಕುವ ನೆರೆ.

ಕುತೂಹಲಿ:
ಹಾಗಾದರೆ ತಂದೆಯ ವಯಸ್ಸು ಮಗುವಿಗೆ ಏನೂ ಲೆಕ್ಕಕ್ಕಿಲ್ಲವೇ?

ಲ್ಯಾಬ್ ಕೋಟು:
ಲೆಕ್ಕಕ್ಕಿದೆ. ಕೋಶ ಉಳಿಯುತ್ತದೆ ಅಂದರೆ ಅದರ ಡಿಎನ್‌ಎ ಹಾಗೇ ಇರುತ್ತದೆ ಅಂತಲ್ಲ. ಐಸ್‌ಲ್ಯಾಂಡ್ ಕುಟುಂಬಗಳ 2012ರ ಅಧ್ಯಯನದ ಪ್ರಕಾರ ತಂದೆಯ ವಯಸ್ಸು ಒಂದು ವರ್ಷ ಹೆಚ್ಚಿದಂತೆ ಮಗುವಿನಲ್ಲಿ ಸುಮಾರು 2 ಹೊಸ ಮ್ಯುಟೇಶನ್‌ಗಳು, ಅಂದರೆ ಡಿಎನ್‌ಎ ಬದಲಾವಣೆಗಳು ಜಾಸ್ತಿ. ಹೆಚ್ಚಿನವು ಏನೂ ಮಾಡುವುದಿಲ್ಲ. ಕೆಲವು ಮಾತ್ರ ಕಾಂಡಕೋಶಕ್ಕೇ ಲಾಭ ಕೊಡುತ್ತವೆ: ಉದಾಹರಣೆಗೆ ಅಪರ್ಟ್ ಸಿಂಡ್ರೋಮ್ (ತಲೆಬುರುಡೆಯ ಮೂಳೆಗಳೂ ಬೆರಳುಗಳೂ ಕೂಡಿಕೊಂಡು ಹುಟ್ಟುವ ಕಾಯಿಲೆ) ತರುವ ಮ್ಯುಟೇಶನ್ ಇರುವ ಕೋಶ ಪಕ್ಕದವನ್ನು ಹಿಂದೆ ಹಾಕಿ ಕೊಳವೆಯಲ್ಲಿ ಹರಡುತ್ತದೆ. ತಂದೆಗೆ ತೊಂದರೆ ಇಲ್ಲ, ಹುಟ್ಟುವ ಮಗುವಿಗೆ ಇದೆ. ಹಾಗಂತ ಹೆದರಬೇಡಿ, ಈ ಕಾಯಿಲೆ ತೀರಾ ಅಪರೂಪ.

ಹಸಿರೆಲೆ:
ಕೀಮೋಥೆರಪಿ ಆದರೆ ಈ ಕೋಶಗಳ ಗತಿ ಏನು? ನಮ್ಮ ಸಂಬಂಧಿಕರ ಹುಡುಗನಿಗೆ ಇನ್ನೂ 7 ವರ್ಷ.

ಮರುಓದು:
ಯಾವ ಔಷಧ, ಎಷ್ಟು ಅನ್ನುವುದರ ಮೇಲೆ ಹೋಗುತ್ತದೆ. ಬುಸಲ್ಫಾನ್, ಸೈಕ್ಲೋಫಾಸ್ಫಮೈಡ್‌ನಂಥವು ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಕಾಂಡಕೋಶಗಳನ್ನೇ ಕೊಲ್ಲಬಹುದು. ದೊಡ್ಡವರು ಮೊದಲೇ ವೀರ್ಯ ಫ್ರೀಜ್ ಮಾಡಿಸಿಡಬಹುದು, ಆದರೆ ಆ ವಯಸ್ಸಿನ ಹುಡುಗನಲ್ಲಿ ವೀರ್ಯಾಣು ಇರುವುದಿಲ್ಲ, ಕಾಂಡಕೋಶ ಮಾತ್ರ ಇರುತ್ತದೆ. ಅದಕ್ಕೇ ಕೆಲವು ಆಸ್ಪತ್ರೆಗಳಲ್ಲಿ ವೃಷಣದ ಸಣ್ಣ ತುಣುಕನ್ನು ತೆಗೆದು ಫ್ರೀಜ್ ಮಾಡುತ್ತಾರೆ. 2019ರಲ್ಲಿ ಹೀಗೆ ಇಟ್ಟ ಎಳೆ ಕೋತಿಯ ಅಂಗಾಂಶವನ್ನು ಅದಕ್ಕೇ ಮತ್ತೆ ನೆಟ್ಟು, ಅದರಲ್ಲಿ ಬಂದ ವೀರ್ಯಾಣುವಿನಿಂದ ಒಂದು ಮರಿ ಹುಟ್ಟಿತು. ಮನುಷ್ಯರಲ್ಲಿ ಇದು ಪ್ರಯೋಗದ ಹಂತದ ಚಿಕಿತ್ಸೆ. ರಕ್ತದ ಕ್ಯಾನ್ಸರ್ ಇದ್ದರೆ ಆ ತುಣುಕಿನ ಜೊತೆ ಕ್ಯಾನ್ಸರ್ ಕೋಶವೂ ವಾಪಸ್ ಹೋಗುವ ಅಪಾಯ ಬೇರೆ ಇದೆ. ಕೀಮೋ ಶುರುವಾಗುವ ಮೊದಲೇ ಅವನ ಕ್ಯಾನ್ಸರ್ ವೈದ್ಯರ ಹತ್ತಿರ ಈ ಮಾತು ಎತ್ತಲು ಮನೆಯವರಿಗೆ ಹೇಳಿ, ಆಮೇಲೆ ಕೇಳಿದರೆ ತಡವಾಗುತ್ತದೆ.