ಚಿಕ್ಕಪ್ಪನಿಗೂ ದೊಡ್ಡಮ್ಮನಿಗೂ ಸೇರಿಸಿ ಒಂದೇ ಉತ್ತರ

ಚಿಕ್ಕಪ್ಪ, ದೊಡ್ಡಮ್ಮ, ಇದು ಟೈಪ್ ಮಾಡಿ ಮುಗಿಯುವ ಮಾತಲ್ಲ, ಅದಕ್ಕೇ ಧ್ವನಿ ಸಂದೇಶ ಕಳಿಸುತ್ತಿದ್ದೇನೆ. ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಕೇಳಿ. ಪರಸ್ಪರ ಪ್ರೀತಿಸಿ ಜೊತೆಯಾಗಿ ಬಾಳುವ ಇಬ್ಬರು ಹೆಣ್ಣುಮಕ್ಕಳ ಕಥೆಗಳು ಈಗ ಧಾರಾವಾಹಿಗಳಲ್ಲೂ ಬರುತ್ತಿವೆ ಎಂಬ ಮಾತು ಗ್ರೂಪಿನಲ್ಲಿ ಬಂತಲ್ಲ, ಅದಕ್ಕೆ ದೊಡ್ಡಮ್ಮ, ‘ಮನೆಮಂದಿಯೆಲ್ಲ ಕೂತು ನೋಡುವ ಹಾಗೆ ಮರ್ಯಾದೆಯಿಂದ ತೋರಿಸಲು ಆಗುತ್ತದೆಯೇ’ ಎಂದು ಕೇಳಿದಿರಿ. ಚಿಕ್ಕಪ್ಪ, ‘ತೋರಿಸಲಿ, ಆದರೆ ಕೊನೆಗೊಂದು ಪಾಠ ಇರಲಿ’ ಎಂದು ಬರೆದಿರಿ.

ಮೊದಲು ಆ ಪಾಠದ ವಿಷಯ. ಚಿಕ್ಕಪ್ಪ, ಟಿವಿಯವರು ಬಹಳ ಕಾಲದಿಂದ ಆ ಪಾಠವನ್ನೇ ಹೇಳಿಕೊಡುತ್ತಿದ್ದಾರೆ. ಇಬ್ಬರಲ್ಲಿ ಒಬ್ಬಳು ಸಾಯಲೇಬೇಕು, ಅದೇ ಪಾಠ. ಅಮೆರಿಕದ ‘ಬಫಿ ದಿ ವ್ಯಾಂಪೈರ್ ಸ್ಲೇಯರ್’ ಸರಣಿಯಲ್ಲಿ ವಿಲೋ, ಟಾರಾ ಎಂಬ ಜೋಡಿ ಇತ್ತು. ದೂರವಾಗಿದ್ದ ಇಬ್ಬರೂ ಮತ್ತೆ ಒಂದಾಗಿ ಕೋಣೆಯಲ್ಲಿ ಮಾತನಾಡುತ್ತಾ ನಿಂತಿರುತ್ತಾರೆ. ಟಾರಾ ಇದ್ದಕ್ಕಿದ್ದಂತೆ ‘ನಿನ್ನ ಅಂಗಿ’ ಎನ್ನುತ್ತಾಳೆ. ವಿಲೋಳ ಅಂಗಿಯ ಮೇಲೆ ರಕ್ತದ ಹನಿಗಳು. ಬೇರೆ ಯಾರಿಗೋ ಹಾರಿಸಿದ ಗುಂಡು ಕಿಟಕಿಯಿಂದ ಬಂದು ಟಾರಾಳನ್ನು ಹೊಕ್ಕಿರುತ್ತದೆ, ಆ ರಕ್ತ ಅವಳದೇ. ಇದು ಪ್ರಸಾರವಾದದ್ದು 2002ರ ಮೇ ತಿಂಗಳಲ್ಲಿ. ಟಾರಾ ಪಾತ್ರ ಮಾಡಿದ ಅಂಬರ್ ಬೆನ್ಸನ್ ಹೆಸರು ಆರಂಭದ ಮುಖ್ಯ ತಾರಾಗಣದ ಪಟ್ಟಿಯಲ್ಲಿ ಮೊದಲ ಸಲ ಬಂದದ್ದು ಅವಳು ಸಾಯುವ ಆ ಕಂತಿನಲ್ಲೇ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಹದಿನಾಲ್ಕು ವರ್ಷದ ಬಳಿಕ, 2016ರ ಮಾರ್ಚ್ 3ರಂದು, ‘ದಿ ಹಂಡ್ರೆಡ್’ ಸರಣಿಯ ಲೆಕ್ಸಾಳನ್ನೂ ಹೀಗೇ ಕೊಂದರು. ಅದೂ ಗುರಿ ತಪ್ಪಿದ ಗುಂಡು, ಅದೂ ಪ್ರೀತಿಸಿದವಳ ಜೊತೆ ಸುಖವಾಗಿ ಕಳೆದ ಗಳಿಗೆಯ ಬೆನ್ನಿಗೇ. ನೋಡುವವರ ಸಿಟ್ಟು ಎಷ್ಟಿತ್ತೆಂದರೆ ಸರಣಿಯ ಮುಖ್ಯಸ್ಥರು ಬಹಿರಂಗವಾಗಿ ಕ್ಷಮೆ ಕೇಳಬೇಕಾಯಿತು.

ಇವು ಹೊಡೆದಾಟದ ಕಥೆಗಳು, ಅಲ್ಲಿ ಎಲ್ಲರೂ ಸಾಯುತ್ತಾರೆ ಎನ್ನಬಹುದು. ಹಾಗಾದರೆ ಸಂಸಾರದ ಕಥೆಯನ್ನೇ ತೆಗೆದುಕೊಳ್ಳಿ. ಬಿಬಿಸಿಯ ‘ಲಾಸ್ಟ್ ಟ್ಯಾಂಗೋ ಇನ್ ಹ್ಯಾಲಿಫ್ಯಾಕ್ಸ್’ ದೊಡ್ಡಮ್ಮನಿಗೆ ಖಂಡಿತ ಹಿಡಿಸುತ್ತದೆ. ಎಪ್ಪತ್ತು ದಾಟಿದ ಇಬ್ಬರು ಹಳೆಯ ಪರಿಚಯದವರು ಮದುವೆಯಾಗುವ ಕಥೆ. ಆ ಅಜ್ಜಿ ಸಿಲಿಯಾಳ ಮಗಳು ಕ್ಯಾರೋಲಿನ್ ಶಾಲೆಯ ಮುಖ್ಯೋಪಾಧ್ಯಾಯಿನಿ. ಅದೇ ಶಾಲೆಯ ಶಿಕ್ಷಕಿ ಕೇಟ್‌ಳನ್ನು ಪ್ರೀತಿಸುತ್ತಾಳೆ. ತನಗೆ ಇಳಿವಯಸ್ಸಿನಲ್ಲಿ ಸಿಕ್ಕ ಪ್ರೀತಿಗೆ ಎಲ್ಲರೂ ಸಂತೋಷಪಡಬೇಕೆನ್ನುವ ತಾಯಿ, ಮಗಳ ಮದುವೆಗೆ ಮಾತ್ರ ಹೋಗುವುದಿಲ್ಲ. ಎಂಥ ಸೂಕ್ಷ್ಮವಾದ ಬರವಣಿಗೆ! ಅಂಥ ಸರಣಿಯಲ್ಲೂ, ಮದುವೆಯ ಮರುದಿನವೇ ತುಂಬು ಬಸುರಿ ಕೇಟ್ ಕಾರು ಡಿಕ್ಕಿ ಹೊಡೆದು ಸಾಯುತ್ತಾಳೆ. ಬರೆದ ಸ್ಯಾಲಿ ವೈನ್‌ರೈಟ್ ಮುಂದೆ ತಾವೇ ಅದಕ್ಕೆ ವಿಷಾದಪಟ್ಟರು.

ಈಗ ದೊಡ್ಡಮ್ಮನ ಪ್ರಶ್ನೆ. ಖಂಡಿತ ಆಗುತ್ತದೆ, ದೊಡ್ಡಮ್ಮ. ಗಂಡ ಹೆಂಡತಿಯ ನಡುವೆ ನಮ್ಮ ಧಾರಾವಾಹಿಗಳು ಏನನ್ನು ತೋರಿಸುತ್ತವೋ, ಇವರ ನಡುವೆಯೂ ಅಷ್ಟನ್ನೇ ತೋರಿಸಲಿ. ಕಡಿಮೆಯೂ ಬೇಡ, ಕೆಟ್ಟ ಕುತೂಹಲಕ್ಕಾಗಿ ಹೆಚ್ಚೂ ಬೇಡ. ವಿಷಯ ಗೊತ್ತಾದ ಕೂಡಲೇ ಢಣ್ ಎನ್ನಿಸಿ ಮನೆಯವರೆಲ್ಲರ ಮುಖವನ್ನು ಮೂರು ಮೂರು ಸಲ ತೋರಿಸುವುದು ಬೇಡ. ಒಬ್ಬಳಿಗೆ ಗಂಡಸಿನ ವೇಷ ಹಾಕಿ ನಗಿಸುವುದಂತೂ ಬೇಡವೇ ಬೇಡ. ದಿನಕ್ಕೆ ಅರ್ಧ ಗಂಟೆಯಂತೆ ವರ್ಷಗಟ್ಟಲೆ ಒಂದೇ ಮನೆಯೊಳಗೆ ಓಡಾಡುವ ಸೌಕರ್ಯ ಧಾರಾವಾಹಿಗೆ ಬಿಟ್ಟರೆ ಇನ್ನಾವುದಕ್ಕಿದೆ? ಆ ಮನೆ ನಮ್ಮ ಕೊಡಗಿನಲ್ಲೇ ಇರಲಿ. ಗೋಣಿಕೊಪ್ಪದ ಹತ್ತಿರ ತೋಟ ನೋಡಿಕೊಳ್ಳುವ ಇಬ್ಬರು ಹೆಂಗಸರು. ಕಣದಲ್ಲಿ ಕಾಫಿ ಹರವಿದ್ದಾಗ ಅಕಾಲದ ಮಳೆ ಬಂದು, ಇಬ್ಬರೂ ಟಾರ್ಪಾಲಿನ್ ಎಳೆಯುತ್ತಾ ಬೈದಾಡಿಕೊಳ್ಳಲಿ. ಮಾಲನ್ನು ಈಗಲೇ ಕೊಡುವುದೋ, ರೇಟು ಏರುವವರೆಗೆ ಇಟ್ಟುಕೊಳ್ಳುವುದೋ ಎಂದು ಮಾತು ಬಿಡಲಿ. ಹುತ್ತರಿಯ ರಾತ್ರಿ ‘ಪೊಲಿ ಪೊಲಿ ದೇವಾ’ ಎನ್ನುತ್ತಾ ಕದಿರು ಮನೆಗೆ ಬರುವ ಹೊತ್ತಿಗೆ, ಅಷ್ಟು ದಿನ ಮುಖ ಕೊಟ್ಟು ಮಾತನಾಡದ ತಾಯಿ, ಅಕ್ಕಿ ದೀಪ ಇಟ್ಟ ತಟ್ಟೆಯನ್ನು ಮಗಳ ಜೊತೆಗಾತಿಯ ಕೈಗೆ ಕೊಟ್ಟು ‘ಗಾಳಿಗೆ ಆರೀತು, ಜೋಪಾನ’ ಎಂದರೆ ಸಾಕು. ಒಂದು ಭಾಷಣವೂ ಬೇಕಿಲ್ಲ.

ಕೊಡಗಿನಲ್ಲಿ ಇಂಥವರು ಎಲ್ಲಿದ್ದಾರೆ ಎನ್ನಬೇಡಿ, ಚಿಕ್ಕಪ್ಪ. ಮಾಕುಟ್ಟ ದಾಟಿದರೆ ಕೇರಳ. ಅಲ್ಲಿ ಆದಿಲಾ, ನೂರಾ ಎಂಬ ಇಬ್ಬರು ಯುವತಿಯರನ್ನು ಮನೆಯವರು ಬೇರೆ ಮಾಡಿದಾಗ, ಒಟ್ಟಿಗೆ ಬಾಳಬಹುದು ಎಂದು 2022ರಲ್ಲಿ ಹೈಕೋರ್ಟೇ ಹೇಳಿತು. ಅದಕ್ಕೂ ಮೊದಲು, 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ, ಇತಿಹಾಸವು ಈ ಸಮುದಾಯದ ಕ್ಷಮೆ ಕೇಳಬೇಕಿದೆ ಎಂದು ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ಅವರ ಕುಟುಂಬಗಳ ಕ್ಷಮೆಯನ್ನೂ ಕೇಳಬೇಕು ಎಂದರು. ಮದುವೆಗೆ ಮಾನ್ಯತೆ ಮಾತ್ರ 2023ರ ತೀರ್ಪಿನಲ್ಲೂ ಸಿಗಲಿಲ್ಲ.

ದೊಡ್ಡಮ್ಮ, ಥಾಯ್ಲೆಂಡಿನ ‘ಗ್ಯಾಪ್’ ಎಂಬ ಸರಣಿ ಯೂಟ್ಯೂಬಿನಲ್ಲಿದೆ, ಹನ್ನೆರಡೇ ಕಂತು. ಕಚೇರಿಯ ಒಡತಿ, ಅವಳ ಕೈಕೆಳಗೆ ಕೆಲಸಕ್ಕೆ ಸೇರಿದ ಹುಡುಗಿ, ನಡುವೆ ಮನೆತನದ ಗೌರವ ಎಂದು ಹಠ ಹಿಡಿದ ಅಜ್ಜಿ. ಆ ಅಜ್ಜಿಯನ್ನು ನೋಡಿದ ತಕ್ಷಣ ನಿಮಗೆ ಗುರುತು ಸಿಗುತ್ತದೆ! ಕೊನೆಯಲ್ಲಿ ಯಾರೂ ಸಾಯುವುದಿಲ್ಲ, ಮದುವೆಯಾಗುತ್ತದೆ. ಅಡಿಬರಹ ಇಂಗ್ಲಿಷಿನಲ್ಲಿದೆ, ನಾನು ಪಕ್ಕದಲ್ಲಿ ಕೂತು ಹೇಳುತ್ತೇನೆ. ಭಾನುವಾರ ಕರೆಂಟ್ ಇದ್ದರೆ ಊಟ ಮುಗಿಸಿಕೊಂಡು ಬರುತ್ತೇನೆ. ಚಿಕ್ಕಪ್ಪ, ನೀವೂ ಬನ್ನಿ.