ಟರ್ಕಿಯ ಕಡಲ ದಂಡೆ ಹೋಟೆಲಲ್ಲಿ ಮೀನೂಟ: ಆರ್ಡರ್ ಹೇಗೆ, ಎಷ್ಟು?

ಕುಂದವಾಡ_ಕೆರೆ, ದಾವಣಗೆರೆ

ಸೆಪ್ಟೆಂಬರ್ ಎರಡನೇ ವಾರ ಇಸ್ತಾಂಬುಲ್, ಅಲ್ಲಿಂದ ಕಡಲ ದಂಡೆ ಊರು ಫೆಥಿಯೆ. ನಾಲ್ಕು ಜನ. ಮೂವರು ಮೀನು ತಿಂತೀವಿ, ಮನೆಯವರು ಶುದ್ಧ ಸಸ್ಯಾಹಾರಿ, ಮೊಟ್ಟೆನೂ ಇಲ್ಲ. ನಮಗೆ ಗೊತ್ತಿರೋದು ಸೂಳೆಕೆರೆ ಕಡೆ ಕಾಟ್ಲಾ, ರೋಹು, ಇನ್ನು ಮಂಗಳೂರಿಂದ ಬರೋ ಬಂಗುಡೆ ಅಷ್ಟೇ. ಅಲ್ಲಿ ಮೆನುನಲ್ಲಿ ಎಷ್ಟೋ ಮೀನಿನ ಮುಂದೆ ರೇಟೇ ಇರಲ್ಲವಂತೆ, ಬಿಲ್ ಬಂದಾಗ ಎದೆ ಧಸಕ್ ಅಂತದಂತೆ. ಏನು ಮೊದಲು ಹೇಳಬೇಕು, ಎಷ್ಟು ತೂಕ ಹೇಳಬೇಕು, ತಿಳಿದವರು ಹೇಳ್ರಿ.

ಮಾರಿಕಣಿವೆ, ಹಿರಿಯೂರು

ಸರ್, ಒಂದೇ ಸಲ ಎಲ್ಲಾ ಆರ್ಡರ್ ಮಾಡಬೇಡಿ. ಅಲ್ಲಿನ ಮೀನೂಟ ಮೂರು ಹಂತದ್ದು. ಮೊದಲು ತಣ್ಣಗಿನ ಮೆಝೆ, ಅಂದ್ರೆ ಸಣ್ಣ ಸಣ್ಣ ತಟ್ಟೆಯಲ್ಲಿ ಬರೋ ನಂಚಿಕೆ, ಆಮೇಲೆ ಬಿಸಿ ಐಟಂ (ಕರಿದ ಕಲಮಾರಿ ಅಂದ್ರೆ ಸ್ಕ್ವಿಡ್, ಮಣ್ಣಿನ ಕುಡಿಕೆಯಲ್ಲಿ ಬೇಯಿಸಿದ ಸಿಗಡಿ), ಕೊನೆಗೆ ಮೀನು. ಎಲ್ಲಾ ಒಟ್ಟಿಗೆ ಹೇಳಿದ್ರೆ ನೀವು ಮೆಝೆ ಮುಗಿಸೋದ್ರೊಳಗೆ ಮೀನು ಬಂದು ತಣ್ಣಗಾಗಿರುತ್ತೆ. ಸುಟ್ಟ ಮೀನು ಆರಿದ ಮೇಲೆ ಅದರಲ್ಲೇನೂ ಇಲ್ಲ. "ಬಲಿಕ್ ಸೋನ್ರಾ" ಅನ್ನಿ, ಮೀನು ಆಮೇಲೆ ಅಂತ.

ಮೆಝೆಗೆ ಗಾಜಿನ ಫ್ರಿಜ್ ಹತ್ತಿರ ಹೋಗಿ ಕೈ ತೋರಿಸಿದ್ರೆ ಸಾಕು. ಇಲ್ಲಾ ವೇಟರ್ ದೊಡ್ಡ ಟ್ರೇ ಹೊತ್ಕೊಂಡು ಬರ್ತಾನೆ. ತಟ್ಟೆ ಲೆಕ್ಕ, ಹತ್ತು ಇಟ್ರೆ ಹತ್ತಕ್ಕೂ ದುಡ್ಡು. ನಾಲ್ಕು ಜನಕ್ಕೆ ಐದು ತಟ್ಟೆ ದಂಡಿಯಾಯ್ತು, ಬ್ರೆಡ್ ಬೇರೆ ಬರ್ತಾ ಇರುತ್ತೆ. ಕೇಳದೇ ಇಟ್ಟಿದ್ದನ್ನ ಮುಟ್ಟೋಕೆ ಮುಂಚೆ ವಾಪಸ್ ಕಳಿಸಿ.

ಇನ್ನು ಮೀನು. ಐಸ್ ಮೇಲೆ ಜೋಡಿಸಿಟ್ಟಿರೋ ಕಡೆ ನೀವೇ ಹೋಗಿ ಆರಿಸಿ. ಕಣ್ಣು ಉಬ್ಬಿ ಹೊಳೀಬೇಕು, ಕಿವಿರು ಕೆಂಪಗಿರಬೇಕು, ಬೆರಳಲ್ಲಿ ಒತ್ತಿದ್ರೆ ಗುಂಡಿ ನಿಲ್ಲಬಾರದು. ಇದು ಊರ ಸಂತೆಯ ಪಾಠವೇ. ಆಮೇಲೆ ಎರಡು ಪ್ರಶ್ನೆ: ಕಿಲೋಗೆ ಎಷ್ಟು, ಈ ಮೀನು ಎಷ್ಟು ತೂಗುತ್ತೆ. ನಿಮ್ಮೆದುರೇ ತೂಗಿಸಿ, ಮೊಬೈಲಲ್ಲಿ ಗುಣಿಸಿ ತೋರಿಸಿ, ಅವನು ತಲೆ ಆಡಿಸಿದ ಮೇಲೇ ಒಲೆಗೆ. ಕಿಲೋ 2000 ಲಿರಾ ಅಂತ ಇಟ್ಕೊಂಡ್ರೆ 800 ಗ್ರಾಂ ಮೀನಿಗೆ 1600. ಕೆಲವು ಕಡೆ ಕಾರ್ಡಲ್ಲಿ 100 ಗ್ರಾಂ ರೇಟ್ ಹಾಕಿರ್ತಾರೆ, ಅಗ್ಗ ಅಂತ ಮೋಸ ಹೋಗೋದು ಅಲ್ಲೇ.

ತೂಕ ಹಾಕೋದು ಹೊಟ್ಟೆ ಸೀಳೋಕೆ ಮುಂಚೆ. ಹಾಗಾಗಿ ಒಂದು ಕಿಲೋದಲ್ಲಿ ತಿನ್ನೋಕೆ ಸಿಗೋದು ಹೆಚ್ಚುಕಡಿಮೆ ಅರ್ಧ. ಮೂವರಿಗೆ ಒಂದೂಕಾಲು ಕಿಲೋದ ಒಂದೇ ಮೀನು ತಗೊಳ್ಳಿ, ಇಲ್ಲಾ 350–400 ಗ್ರಾಂನ ಮೂರು.

ಪಿಜೆ_ಬಡಾವಣೆ, ದಾವಣಗೆರೆ

ಮಾರಿಕಣಿವೆ ಅಣ್ಣ ಹೇಳಿದ್ದಕ್ಕೆ ಸಸ್ಯಾಹಾರದ ಮಾತು ಸೇರಿಸ್ತೀನಿ. ನಿಮ್ಮ ಮನೆಯವರು ಮೀನಿನ ಹೋಟೆಲಲ್ಲೇ ಹೊಟ್ಟೆ ತುಂಬ ಉಣ್ಣಬಹುದು, ಮೆಝೆಯಲ್ಲಿ ಅರ್ಧಕ್ಕರ್ಧ ಸೊಪ್ಪು, ತರಕಾರಿ, ಮೊಸರೇ. ಹೈದರಿ ಅಂದ್ರೆ ನೀರು ಸೋಸಿದ ಗಟ್ಟಿ ಮೊಸರಿಗೆ ಬೆಳ್ಳುಳ್ಳಿ. ಪಟ್ಲಿಜಾನ್ ಸಲತಸಿ ನಮ್ಮ ಸುಟ್ಟ ಬದನೆಕಾಯಿ ಬಜ್ಜಿಯ ತಂಗಿ, ಒಗ್ಗರಣೆ ಒಂದಿಲ್ಲ. ಫಾವಾ (ಅವರೆ ಜಾತಿಯ ಒಣ ಕಾಳು ಬೇಯಿಸಿ ಅರೆದದ್ದು), ಬಾರ್ಬುನ್ಯಾ ಪಿಲಾಕಿ (ಇದೂ ಕಾಳಿನದು, ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣ್ಣಗೆ ಕೊಡ್ತಾರೆ) ನಿಶ್ಚಿಂತೆ. ದೆನಿಜ್ ಬೊರುಲ್ಜೆಸಿ ಕಡಲ ದಂಡೆಯಲ್ಲಿ ಬೆಳೆಯೋ ಉಪ್ಪುಪ್ಪು ಸೊಪ್ಪು, ಅದನ್ನ ಬಿಡಬೇಡಿ.

ಬೇಡ ಅನ್ನಬೇಕಾದ್ದು: ತರಾಮಾ, ಅದು ಮೀನಿನ ಮೊಟ್ಟೆ. ರುಸ್ ಸಲತಸಿ, ಅದರಲ್ಲಿ ಮೇಯನೇಸ್ ಇರೋದ್ರಿಂದ ಮೊಟ್ಟೆ ಬಂತು. ಅನ್ನ ಕೋಳಿ ಸಾರಲ್ಲಿ ಬೇಯಿಸಿರಬಹುದು, ಕೇಳಿ. ಕರಿದ ತರಕಾರಿಯೂ ಬೇಡ, ಕಲಮಾರಿ ಕರಿದ ಎಣ್ಣೆಗೇ ಬಿಟ್ಟಿರಬಹುದು. "ವೆಜಿಟೇರಿಯನ್" ಅಂದ್ರೆ ಕೆಲವರು ಮೀನನ್ನ ಲೆಕ್ಕಕ್ಕೆ ಹಿಡಿಯಲ್ಲ, ಮಾಂಸ ಬಿಟ್ಟವರು ಅಂತಷ್ಟೇ ತಿಳೀತಾರೆ. ಅದಕ್ಕೆ "ಎತ್, ತವುಕ್, ಬಲಿಕ್, ಯುಮುರ್ತಾ ಯೋಕ್" ಅಂತ ನಾಲ್ಕನ್ನೂ ಹೆಸರಿಸಿ: ಮಾಂಸ, ಕೋಳಿ, ಮೀನು, ಮೊಟ್ಟೆ ಇಲ್ಲ.

ಮೀನು ತಿನ್ನೋರಿಗೊಂದು ಮಾತು. ಮಸಾಲೆ ನಿರೀಕ್ಷೆ ಮಾಡಬೇಡಿ. ಉಪ್ಪು, ಆಲಿವ್ ಎಣ್ಣೆ, ನಿಂಬೆ, ಮುಗೀತು. ಸಪ್ಪೆ ಅನ್ನಿಸಿದ್ರೆ ಅಜಿಲಿ ಎಜ್ಮೆ ಅಂತ ಟೊಮೆಟೊ, ಮೆಣಸಿನಕಾಯಿ ಕೊಚ್ಚಿದ್ದು ಸಿಗುತ್ತೆ. ಇಲ್ಲಾ ಪುಲ್ ಬಿಬೆರ್ ಕೇಳಿ, ತರಿ ತರಿ ಮೆಣಸಿನಪುಡಿ.

ಏಳುಸುತ್ತಿನ_ಕೋಟೆ, ಚಿತ್ರದುರ್ಗ

ಯಾವ ಮೀನು ಅಂತ ಯಾರೂ ಹೇಳ್ಲಿಲ್ಲ. ಇಸ್ತಾಂಬುಲ್ ಕಡೆ ಸಮುದ್ರದಲ್ಲಿ ಏಪ್ರಿಲ್ ಮಧ್ಯದಿಂದ ಆಗಸ್ಟ್ ಕೊನೇವರೆಗೆ ದೊಡ್ಡ ಬಲೆ ದೋಣಿಗಳಿಗೆ ನಿಷೇಧ, ಸೆಪ್ಟೆಂಬರ್ 1ಕ್ಕೆ ತೆರವು. ನೀವು ಹೋಗೋ ಹೊತ್ತಿಗೆ ಇಸ್ತಾಂಬುಲಲ್ಲಿ ಪಲಾಮುತ್ (ಬೊನಿಟೊ, ಬಂಗುಡೆ ಬಳಗದ್ದು) ಬರೋಕೆ ಶುರು. ಬಂಗುಡೆ ಇಷ್ಟಪಡೋರಿಗೆ ಅದೇ ಸರಿ, ಎಣ್ಣೆ ಅಂಶ ಜಾಸ್ತಿ, ವಾಸನೆಯೂ ಇದೆ. ಹಂಸಿ (ಆಂಚೊವಿ ಅನ್ನೋ ಸಣ್ಣ ಮೀನು) ಚಳಿಗಾಲದ್ದು, ಸೆಪ್ಟೆಂಬರಲ್ಲಿ ಅದರ ಹಿಂದೆ ಬೀಳಬೇಡಿ.

ಚಿಪುರಾ (ಸೀ ಬ್ರೀಮ್), ಲೆವ್ರೆಕ್ (ಸೀ ಬಾಸ್) ವರ್ಷವಿಡೀ ಸಿಗ್ತವೆ, ಬಹುಪಾಲು ಸಾಕಿದವು. ತಪ್ಪೇನಿಲ್ಲ, ಆದ್ರೆ ಸಮುದ್ರದ್ದು ಅಂತ ಹೇಳಿ ದುಪ್ಪಟ್ಟು ಕೇಳಿದ್ರೆ ಎಚ್ಚರ. ಐಸ್ ಮೇಲಿನವೆಲ್ಲ ಅಚ್ಚು ಹಾಕಿದಂಗೆ ಒಂದೇ ಅಳತೆ ಇದ್ರೆ ಸಾಕಿದ್ದೇ. "ಚಿಫ್ಟ್‌ಲಿಕ್ ಮಿ, ದೆನಿಜ್ ಮಿ?" (ಸಾಕಿದ್ದಾ, ಸಮುದ್ರದ್ದಾ) ಅಂತ ಕೇಳಿ. ಕಾಟ್ಲಾ, ರೋಹು ಮಾಂಸದೊಳಗೆ ಇರೋ ಕವಲು ಮುಳ್ಳು ಇವೆರಡರಲ್ಲೂ ಇಲ್ಲ, ನಡುಮೂಳೆ ಎತ್ತಿದ್ರೆ ಮಕ್ಕಳಿಗೂ ಕೊಡಬಹುದು.

ಬೇಯಿಸೋದು: 400 ಗ್ರಾಂ ಒಳಗಿನದು ಕೆಂಡದ ಮೇಲೆ, ಅಂದ್ರೆ ಇಜ್ಗಾರಾ. ಬಾರ್ಬುನ್‌ನಂಥ ಸಣ್ಣ ಮೀನು ಹಿಟ್ಟಲ್ಲಿ ಹೊರಳಿಸಿ ಕರಿದ್ರೆ ತಾವಾ. ಒಂದು ಕಿಲೋ ಮೇಲಿನದನ್ನ ಇಡಿಯಾಗಿ ಕೆಂಡಕ್ಕಿಟ್ರೆ ಹೊರಗೆ ಸೀದು ಮೂಳೆ ಹತ್ತಿರ ಹಸಿ ಉಳಿಯೋ ಸಂಭವ ಜಾಸ್ತಿ. ಅದಕ್ಕೆ ಬುಗುಲಾಮಾ (ಟೊಮೆಟೊ, ಈರುಳ್ಳಿ ಜೊತೆ ಮುಚ್ಚಿ ಬೇಯಿಸಿದ್ದು) ಇಲ್ಲಾ ಉಪ್ಪಿನ ದಪ್ಪ ಪದರದೊಳಗೆ ಮುಚ್ಚಿ ಸುಡೋದು ಹೇಳಿ.

ಫೆಥಿಯೆಯಲ್ಲಿ ಹೋಟೆಲ್ ಹುಡುಕೋದೇ ಬೇಡ. ಮೀನು ಮಾರ್ಕೆಟ್ ನಡುವೆ ಅಂಗಡಿಗಳು, ಸುತ್ತ ಊಟದ ಹೋಟೆಲು. ಮೀನು ನೀವೇ ಕೊಂಡು ಕ್ಲೀನ್ ಮಾಡಿಸಿ ಪಕ್ಕದವನಿಗೆ ಕೊಟ್ರೆ ಬೇಯಿಸಿ ಕೊಡ್ತಾನೆ, ಅದಕ್ಕೆ ಕೂಲಿ ಬೇರೆ. ಕೂಲಿಯಲ್ಲಿ ಸಲಾಡ್, ಬ್ರೆಡ್ ಸೇರಿದೆಯಾ ಅಂತ ಕೂರೋ ಮುಂಚೆ ಕೇಳಿ.

ಕುಂದವಾಡ_ಕೆರೆ, ದಾವಣಗೆರೆ

ಎಲ್ಲರಿಗೂ ನಮಸ್ಕಾರ, ಪ್ರಿಂಟ್ ತೆಗೆದಿಟ್ಕೊಂಡೆ. ಎರಡೇ ಅನುಮಾನ. ಮೀನಿನ ಜೊತೆ ಮೊಸರು ತಿಂದ್ರೆ ತೊನ್ನು ಬರುತ್ತೆ ಅಂತ ಅಮ್ಮ ಈಗಲೇ ಶುರು ಮಾಡಿದಾರೆ. ಬಿಲ್ ಕೊಡುವಾಗ ಏನು ನೋಡಬೇಕು?

ಮಾರಿಕಣಿವೆ, ಹಿರಿಯೂರು

ಮೊಸರಿಂದ ತೊನ್ನು ಬರಲ್ಲ ಸರ್. ಮೀನಿನ ಜೊತೆ ಮೊಸರು ವಿಷ ಅನ್ನೋ ಅಜ್ಜಿಯರು ಟರ್ಕಿಯಲ್ಲೂ ಇದಾರೆ, ಆದ್ರೂ ಹೈದರಿ ಇಲ್ಲದ ಮೀನಿನ ಹೋಟೆಲ್ ಸಿಗೋದು ಕಷ್ಟ. ಅಮ್ಮನಿಗೆ ಫಾವಾ ಹೇಳಿಬಿಡಿ, ವಾದ ಯಾಕೆ.

ಬಿಲ್ಲಿಗೆ "ಹೆಸಾಪ್" ಅನ್ನಿ, ಬಿಡಿ ಬಿಡಿಯಾಗಿ ಬರೆದ ಚೀಟಿ ಕೇಳಿ. ಮೀನಿನ ತೂಕ ತಾಳೆ ನೋಡಿ, ಮೆಝೆ ತಟ್ಟೆ ಎಣಿಸಿ, ನೀರಿನ ಬಾಟ್ಲಿ ಎಣಿಸಿ. ಕುವೆರ್ (ಟೇಬಲ್ ಚಾರ್ಜ್), ಸೆರ್ವಿಸ್ ಅಂತ ಸಾಲು ಕಂಡ್ರೆ ಏನದು ಅಂತ ಕೇಳಿ. ಸರ್ವಿಸ್ ಹಿಡಿದಿಲ್ಲ ಅಂದ್ರೆ ಟಿಪ್ಸ್ 10% ಸಾಕು. ಕಾರ್ಡ್ ಮೆಷಿನ್ ರೂಪಾಯಿನಾ, ಲಿರಾನಾ ಅಂತ ಕೇಳಿದ್ರೆ ಲಿರಾನೇ ಒತ್ತಿ, ರೂಪಾಯಿ ಒತ್ತಿದ್ರೆ ಅವರು ಹಾಕಿದ್ದೇ ರೇಟು. ಮತ್ತೆ, ಕೊನೆಗೆ ಓವನ್ನಲ್ಲಿ ಬಿಸಿ ಮಾಡಿದ ಎಳ್ಳಿನ ಹಲ್ವಾ ಇದೆಯಾ ಕೇಳಿ. ಮೀನಿನ ಮೇಲೆ ಅದೇ ಅಲ್ಲಿನ ಪದ್ಧತಿ, ಮನೆಯವರೂ ತಿನ್ನಬಹುದು.